ಇಪ್ಪತ್ತು ರೂಪಾಯಿ ಚಾರ್ಟಿನ ಅಪ್ಪ-ಅಮ್ಮ

ಬಾಗಲಕೋಟೆಯ ಹಳೇ ಪೇಟೆಯಲ್ಲಿ ನಮ್ಮ ಅಣ್ಣನದೊಂದು ಸ್ಟೇಷನರಿ ಅಂಗಡಿ ಇದೆ. ಜೂನ್ ಬಂತೆಂದರೆ ಅಂಗಡಿ ಮುಂದೆ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ಚಾರ್ಟುಗಳನ್ನು ನೇತುಹಾಕುತ್ತಾನೆ. ಸ್ವರ-ವ್ಯಂಜನ, ಮಗ್ಗಿ, ಹಣ್ಣು, ಕಾಯಿಪಲ್ಲೆ, ಸಾಕುಪ್ರಾಣಿ, ಒಳ್ಳೆಯ ಅಭ್ಯಾಸಗಳು. ಅಂಗನವಾಡಿಯವರು ಬರುತ್ತಾರೆ, ಹೊಸದಾಗಿ ಶುರುವಾದ ನರ್ಸರಿಯವರು ಬರುತ್ತಾರೆ, ಮಗುವಿನ ಕೈ ಹಿಡಿದ ತಾಯಂದಿರು ಬರುತ್ತಾರೆ. ಆ ತಿಂಗಳು ಸಂಜೆ ಹೊತ್ತು ನಾನೂ ಗಲ್ಲೆ ನೋಡಿಕೊಳ್ಳಲು ಹೋಗುತ್ತೇನೆ. ಗಿರಾಕಿ ಇಲ್ಲದಾಗ ಬೇರೆ ಕೆಲಸ ಇರುವುದಿಲ್ಲ. ಸುಮ್ನೆ ಚಾರ್ಟು ನೋಡುತ್ತ ಕೂರುತ್ತೇನೆ.

ಹೀಗೆ ನೋಡಿ ನೋಡಿ ‘ನನ್ನ ಕುಟುಂಬ’ ಚಾರ್ಟು ನನಗೆ ಬಾಯಿಪಾಠ ಆಗಿದೆ. ಸೋಫಾ ಮೇಲೆ ಅಪ್ಪ, ಕೈಯಲ್ಲಿ ಪೇಪರ್. ಮನೆಯಲ್ಲೇ ಇದ್ದರೂ ಇನ್‌ಶರ್ಟ್ ಮಾಡಿದ್ದಾನೆ. ಅಮ್ಮ ಟ್ರೇ ಹಿಡಿದು ನಿಂತಿದ್ದಾಳೆ, ಮುಖದಲ್ಲಿ ನಗು. ಅಜ್ಜ ಕೋಲು ಹಿಡಿದಿದ್ದಾನೆ. ಅಜ್ಜಿ ಉಣ್ಣೆ ಹೆಣೆಯುತ್ತಿದ್ದಾಳೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನ ಅಜ್ಜಿಗೆ ಉಣ್ಣೆ! ಹುಡುಗನ ಕೈಯಲ್ಲಿ ಬ್ಯಾಟು, ಹುಡುಗಿಯ ಕೈಯಲ್ಲಿ ಗೊಂಬೆ. ನಾಯಿ ಕೂಡ ಅಪ್ಪನ ಕಾಲ ಬಳಿಯೇ ಮಲಗಿದೆ.

ಪಕ್ಕದಲ್ಲೇ ‘ನಮ್ಮ ಸಹಾಯಕರು’. ಡಾಕ್ಟರ್, ಪೊಲೀಸ್, ಡ್ರೈವರ್, ಅಂಚೆಯವನು, ಬಡಿಗ, ಕಂಬಾರ, ದರ್ಜಿ, ರೈತ. ಎಲ್ಲರಿಗೂ ಮೀಸೆ. ನರ್ಸ್ ಮತ್ತು ಟೀಚರ್ ಮಾತ್ರ ಹೆಂಗಸರು. ಅಷ್ಟು ಜನರ ನಡುವೆ ಇವರಿಬ್ಬರೇ.

ಈ ಚಾರ್ಟುಗಳು ಅಣ್ಣನಿಗೆ ಹೆಚ್ಚಾಗಿ ದಿಲ್ಲಿ ಕಡೆಯಿಂದ ಬರುತ್ತವೆ, ಕೆಲವು ಶಿವಕಾಶಿಯಿಂದ. ಚಿತ್ರ ಒಂದೇ. ಕೆಳಗಿನ ಅಕ್ಷರ ಮಾತ್ರ ಕನ್ನಡವೋ, ಮರಾಠಿಯೋ, ಹಿಂದಿಯೋ ಆಗುತ್ತದೆ. ಬೆಳಗಾವಿಯ ಅಂಗಡಿಗಳಲ್ಲಿ ಒಂದೇ ಅಪ್ಪ ಕನ್ನಡದಲ್ಲೂ ಮರಾಠಿಯಲ್ಲೂ ಅಕ್ಕಪಕ್ಕ ನೇತಾಡುವುದನ್ನು ನೋಡಿದ್ದೇನೆ. ಒಂದು ಸಲ ಚಿತ್ರ ಬರೆಸಿದರೆ ಇಡೀ ದೇಶಕ್ಕೆ ಮಾರಬಹುದು. ಹಾಗಾಗಿಯೇ ಇಪ್ಪತ್ತು ರೂಪಾಯಿಗೆ ಸಿಗುತ್ತದೆ. ಹಾಗಾಗಿಯೇ ಆ ಮನೆ ಯಾರ ಮನೆಯೂ ಅಲ್ಲ.

ಇದನ್ನು ಹೇಳಿದಾಗಲೆಲ್ಲ ಅಣ್ಣ ಒಂದೇ ಮಾತು ಹೇಳುತ್ತಾನೆ. “ಇದ್ದದ್ದನ್ನ ತಗದಾರ ಬಿಡವಾ. ಅಡಗಿ ಯಾರ್ ಮಾಡ್ತಾರ, ನೀನಲ್ಲೇನು?”

ಇದ್ದದ್ದನ್ನೇ ಬರೆದಿದ್ದಾರೆ ಎಂಬ ಈ ಮಾತನ್ನು ನಾನು ಬಹಳ ಕಡೆ ಕೇಳಿದ್ದೇನೆ. ಟೀಚರುಗಳ ಬಾಯಲ್ಲೂ ಕೇಳಿದ್ದೇನೆ. ಇದನ್ನು ತಳ್ಳಿಹಾಕುವ ಮೊದಲು ಒಮ್ಮೆ ಪರೀಕ್ಷೆ ಮಾಡಿ ನೋಡಬೇಕು ಅನ್ನಿಸುತ್ತದೆ. ನಿಜಕ್ಕೂ ಇದ್ದದ್ದೇನು?

ಹೊಲದಿಂದ ಶುರು ಮಾಡೋಣ. ನಮ್ಮ ಕಡೆ ಬಿತ್ತಿಗೆ ಹೊತ್ತಿನಲ್ಲಿ ಎತ್ತು ಹೊಡೆಯುವವನು ಗಂಡಸು, ನಿಜ. ಅವನ ಹಿಂದೆ ಉಡಿಯಲ್ಲಿ ಕಾಳು ಕಟ್ಟಿಕೊಂಡು, ಕೂರಿಗೆಗೆ ಕಾಳು ಬಿಡುತ್ತ ನಡೆಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಕಾಳು ಬಿಡುವ ಕೈ ಸ್ವಲ್ಪ ತಪ್ಪಿದರೆ ಒಂದು ಸಾಲು ಒತ್ತಾಗಿ, ಇನ್ನೊಂದು ಸಾಲು ಖಾಲಿಯಾಗಿ ಹುಟ್ಟುತ್ತದೆ. ಆಮೇಲೆ ಕಸ ತೆಗೆಯುವವರು ಯಾರು? ಹತ್ತಿ ಬಿಡಿಸುವವರು, ಮೆಣಸಿನಕಾಯಿ ಹರಿಯುವವರು, ಉಳ್ಳಾಗಡ್ಡಿ ಕೊಯ್ದು ಗಾತ್ರ ನೋಡಿ ಬೇರೆ ಮಾಡುವವರು ಯಾರು? ಬೆಳಿಗ್ಗೆ ಟಂಟಂನಲ್ಲಿ ಬುತ್ತಿ ಗಂಟು ಹಿಡಿದು ಒತ್ತಿ ಕೂತು ಹೋಗುವವರನ್ನು ಯಾವ ರಸ್ತೆಯಲ್ಲಿ ನಿಂತರೂ ನೋಡಬಹುದು. ಮುಧೋಳ, ಜಮಖಂಡಿ, ಅಥಣಿ ಕಡೆ ಕಬ್ಬು ಕಡಿಯಲು ಬರುವ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಜೋಡಿಯಾಗಿಯೇ ಇರುತ್ತಾರೆ. ಗಂಡ ಕಡಿದದ್ದನ್ನು ಹೆಂಡತಿ ಕಟ್ಟಿ, ತಲೆ ಮೇಲೆ ಹೊತ್ತು ಟ್ರ್ಯಾಕ್ಟರ್‌ಗೆ ಏರಿಸುತ್ತಾಳೆ. ಚಾರ್ಟಿನ ‘ರೈತ’ ಮಾತ್ರ ಹೆಗಲ ಮೇಲೆ ನೇಗಿಲು ಇಟ್ಟುಕೊಂಡು ಒಬ್ಬನೇ ನಿಂತಿದ್ದಾನೆ, ಪಾಪ.

ಗುಳೇದಗುಡ್ಡ, ಇಳಕಲ್ಲಿಗೆ ಹೋಗಿ. ಮಗ್ಗದ ಕುಣಿಯಲ್ಲಿ ಕೂತ ಗಂಡಸು ನೇಕಾರ ಅನ್ನಿಸಿಕೊಳ್ಳುತ್ತಾನೆ. ಅವನಿಗೆ ಕಂಡಕಿ, ಅಂದರೆ ನೂಲಿನ ಉರುಳೆ, ಸುತ್ತಿ ಕೊಡುವವರು, ಎಳೆ ಜೋಡಿಸುವವರು ಮನೆಯ ಹೆಣ್ಣುಮಕ್ಕಳು. ಅವರ ಕೈ ನಿಂತರೆ ಮಗ್ಗವೂ ನಿಲ್ಲುತ್ತದೆ. ಅದಕ್ಕೆ ಬೇರೆ ಪಗಾರ ಇಲ್ಲ. ನಿಪ್ಪಾಣಿ ಕಡೆ ಬೀಡಿ ಕಟ್ಟಿ ಮನೆ ನಡೆಸಿದವರು, ಮಕ್ಕಳನ್ನು ಓದಿಸಿದವರು ಹೆಣ್ಣುಮಕ್ಕಳು. ಹಾಗೆ ನೋಡಿದರೆ ಬಸ್ಸಿನಲ್ಲಿ ಟಿಕೆಟ್ ಕೊಡುವ ಕಂಡಕ್ಟರ್ ಅಕ್ಕ ಈಗ ನಮ್ಮ ಮಕ್ಕಳಿಗೆ ಹೊಸಬಳೇನಲ್ಲ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಹೆಸರು ಊರಿನ ಪ್ರತಿ ಕೂಸಿಗೂ ಗೊತ್ತು. ‘ಸಹಾಯಕರು’ ಎಂದರೆ ಮೊದಲು ನೆನಪಾಗಬೇಕಾದವಳು ಅವಳೇ ಅಲ್ವಾ? ಚಾರ್ಟಿನಲ್ಲಿ ಅವಳಿಗೆ ಜಾಗ ಇಲ್ಲ.

ಹಾಗಾದರೆ ಅಡುಗೆಮನೆಯ ಚಿತ್ರವಾದರೂ ನಿಜ ತಾನೇ? ಒಪ್ಪುತ್ತೇನೆ, ಬಹುಮಟ್ಟಿಗೆ ನಿಜ. 2019ರಲ್ಲಿ ಕೇಂದ್ರ ಸರ್ಕಾರ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಸಂಬಳ ಇಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲೇ ಕಳೆಯುತ್ತಾರೆ ಎಂದು ಅದು ಹೇಳಿತು. ಹತ್ತಿರಹತ್ತಿರ ಐದು ತಾಸು. ಗಂಡಸರ ಲೆಕ್ಕ 97 ನಿಮಿಷ. ಅದೂ ಕೆಲಸಕ್ಕೆ ಕೈ ಹಾಕಿದವರ ಸರಾಸರಿ ಅಷ್ಟೇ. ಮನೆಗೆಲಸದಲ್ಲಿ ಒಂದಿಷ್ಟಾದರೂ ಕೈ ಜೋಡಿಸಿದ ಗಂಡಸರು ನೂರಕ್ಕೆ 26.

ಆದರೆ ಚಿತ್ರದಲ್ಲಿ ಆ ಐದು ತಾಸು ಎಲ್ಲಿದೆ? ಟ್ರೇ ಹಿಡಿದು ನಗುವ ಅಮ್ಮನ ಹಣೆಯಲ್ಲಿ ಒಂದು ಹನಿ ಬೆವರಿಲ್ಲ. ಸೀರೆಗೆ ಹಿಟ್ಟು ಹತ್ತಿಲ್ಲ. ಹಿಂದೆ ಪಾತ್ರೆ ರಾಶಿ ಇಲ್ಲ. ಒಲೆ ಮುಂದೆ ಕೂತು ಹತ್ತಾರು ರೊಟ್ಟಿ ಬಡಿದು ಏಳುವಾಗ ಸೊಂಟ ಹಿಡಿದುಕೊಳ್ಳುವ ಅವ್ವ ನಮ್ಮ ಮಕ್ಕಳಿಗೆ ಗೊತ್ತು. ಅವಳು ಚಾರ್ಟಿನಲ್ಲೂ ಇಲ್ಲ, ಮಕ್ಕಳ ಚಿತ್ರಪುಸ್ತಕದಲ್ಲೂ ಇಲ್ಲ. ಹೊಲದ ಕೆಲಸದಲ್ಲಿ ಅವಳೇ ಕಾಣುವುದಿಲ್ಲ. ಮನೆಯಲ್ಲಿ ಅವಳು ಕಾಣುತ್ತಾಳೆ, ಕೆಲಸ ಕಾಣುವುದಿಲ್ಲ. ನನ್ನ ತಕರಾರು ಇಷ್ಟೇ. ಈ ಪುಸ್ತಕಗಳು ಹಳೇ ಕಾಲದವು ಎಂದು ಎಲ್ಲರೂ ಬಯ್ಯುತ್ತಾರೆ. ಹಳೇ ಕಾಲದಲ್ಲೂ ನಮ್ಮಲ್ಲಿ ಹೀಗಿರಲಿಲ್ಲ. ನಮ್ಮಜ್ಜಿ ಜೀವಮಾನದಲ್ಲಿ ಯಾರಿಗೂ ಟ್ರೇಯಲ್ಲಿ ಚಹಾ ಕೊಟ್ಟವಳಲ್ಲ. ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋದವಳು.

ಗಂಡಸರ ವಿಷಯದಲ್ಲೂ ಇದೇ ಸುಳ್ಳು. ಗಂಡಸು ಒಲೆ ಮುಂದೆ ನಿಲ್ಲುವುದನ್ನು ನಮ್ಮ ಮಕ್ಕಳು ನೋಡಿಯೇ ಇಲ್ಲವೇ? ಜಾತ್ರೆಗೆ ಬನ್ನಿ. ಆಳೆತ್ತರದ ಸೌಟು ಹಿಡಿದು ಹುಗ್ಗಿ ಕಡಾಯಿ ತಿರುವುವವರು ಪೂರಾ ಗಂಡಸರು. ಮಠದ ದಾಸೋಹದಲ್ಲಿ ಸಾರು ಕುದಿಸುವವರು, ಮದುವೆಯಲ್ಲಿ ಬುಂದಿ ಕಾಳು ಬಿಡುವವರು, ರಸ್ತೆ ಬದಿ ಮಿರ್ಚಿ ಭಜಿ ಕರಿಯುವವರು ಯಾರು? ಅಂದರೆ ಗಂಡಸರಿಗೆ ಅಡುಗೆ ಬರುವುದಿಲ್ಲ ಎಂದಲ್ಲ. ಮಂದಿ ನೋಡುವ ಕಡೆ, ದುಡ್ಡು ಬರುವ ಕಡೆ ಬರುತ್ತದೆ. ದಿನಾ ಮಾಡುವ ಕಡೆ ಬರುವುದಿಲ್ಲ. ಖಾನಾವಳಿಯಲ್ಲಿ ನೋಡಿ, ಒಳಗೆ ರೊಟ್ಟಿ ಬಡಿಯುವವಳು ಹೆಂಗಸು, ಗಲ್ಲೆಯ ಮೇಲೆ ಕೂತವನು ಗಂಡಸು. ಇಷ್ಟೆಲ್ಲ ಸ್ವಾರಸ್ಯ ಊರಲ್ಲಿರುವಾಗ ಚಿತ್ರಪುಸ್ತಕಕ್ಕೆ ಸೋಫಾ ಮೇಲಿನ ಅಪ್ಪನೇ ಯಾಕೆ ಬೇಕು?

ವಾರಕ್ಕೊಮ್ಮೆ ಗುಳೇದಗುಡ್ಡದ ಹತ್ತಿರದ ಒಂದು ಊರಿನ ಅರಿವು ಕೇಂದ್ರಕ್ಕೆ ಹೋಗುತ್ತೇನೆ. ಪಂಚಾಯಿತಿ ಲೈಬ್ರರಿಗಳಿಗೆ ಈಗ ಇರುವ ಹೆಸರು ಅದು. 2020ರಲ್ಲಿ ‘ಓದುವ ಬೆಳಕು’ ಎಂಬ ಯೋಜನೆ ಬಂದು ಶಾಲೆ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಕೊಟ್ಟ ಮೇಲೆ ಮಕ್ಕಳು ಜಾಸ್ತಿ ಬರತೊಡಗಿದ್ದಾರೆ. ಅಲ್ಲಿ ಹುಡುಗನೊಬ್ಬನನ್ನು “ನಿಮ್ಮವ್ವ ಏನ್ ಮಾಡ್ತಾಳ?” ಎಂದು ಕೇಳಿದೆ. “ಏನೂ ಮಾಡಂಗಿಲ್ರಿ, ಮನ್ಯಾಗ ಇರ್ತಾಳ” ಅಂದ. “ಈಗ ಎಲ್ಲಿದಾಳ?” “ಹತ್ತಿ ಬಿಡಸಾಕ ಹೋಗ್ಯಾಳ್ರಿ.” ಅವನಿಗೆ ಎರಡು ಉತ್ತರಗಳ ನಡುವೆ ಏನೂ ತೊಂದರೆ ಕಾಣಲಿಲ್ಲ. ಶಾಲೆಯ ಅರ್ಜಿಯಲ್ಲೂ ಹಾಗೇ ಬರೆದಿರುತ್ತಾರೆ. ತಂದೆ ರೈತ, ತಾಯಿ ಗೃಹಿಣಿ. ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರು ಯಾರದೋ ಅವನೇ ರೈತ. ಎಲ್ಲ ತಪ್ಪನ್ನೂ ಚಾರ್ಟಿನ ತಲೆಗೆ ಕಟ್ಟುವುದಿಲ್ಲ. ಆದರೆ ಮಗುವಿನ ಮೂರನೇ ವರ್ಷಕ್ಕೇ ಗೋಡೆ ಮೇಲೆ ಬರುವ ಮೊದಲ ‘ಅರ್ಜಿ’ ಅದೇ.

ಪಠ್ಯಪುಸ್ತಕಕ್ಕಾದರೆ ಸಮಿತಿ ಇರುತ್ತದೆ, ಗಲಾಟೆ ಆಗುತ್ತದೆ, ಪೇಪರಿನಲ್ಲಿ ಬರುತ್ತದೆ. ಹೆಣ್ಣುಮಕ್ಕಳ ಸಮಾನತೆಗೆ ತಕ್ಕಂತೆ ಪಠ್ಯಗಳನ್ನು ಹೊಸದಾಗಿ ರೂಪಿಸಬೇಕು ಎಂದು 1986ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಚಾರ್ಟಿಗೆ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ ಬಣ್ಣದ ಪುಸ್ತಕಕ್ಕೆ ಯಾವ ಸಮಿತಿ? ಅದನ್ನು ಯಾರೂ ಪಠ್ಯ ಎಂದು ಅಂದುಕೊಳ್ಳುವುದೇ ಇಲ್ಲ. ಮಗು ಕಲಿಯುವುದಕ್ಕೆ ಶುರು ಮಾಡುವುದು ಮಾತ್ರ ಅದರಿಂದಲೇ.

ಇದು ನಮ್ಮ ಮಾರ್ಕೆಟ್ಟಿನ ರೋಗ ಅಷ್ಟೇ ಅಲ್ಲ. ಅಮೆರಿಕದಲ್ಲಿ ಲೆನೋರ್ ವೈಟ್ಜ್‌ಮನ್ ಮತ್ತು ಸಂಗಡಿಗರು 1972ರಲ್ಲಿ, ಅಲ್ಲಿನ ದೊಡ್ಡ ಬಹುಮಾನ ಪಡೆದ ಚಿತ್ರಪುಸ್ತಕಗಳನ್ನು ಎಣಿಸಿ ನೋಡಿದರು. ಗಂಡಿನ ಚಿತ್ರ 261, ಹೆಣ್ಣಿನ ಚಿತ್ರ 23. ಜಾನಿಸ್ ಮೆಕೇಬ್ ಮತ್ತು ಸಂಗಡಿಗರ ಅಧ್ಯಯನ 2011ರಲ್ಲಿ ಬಂತು. ಇಡೀ ಇಪ್ಪತ್ತನೇ ಶತಮಾನದ 5,618 ಮಕ್ಕಳ ಪುಸ್ತಕಗಳನ್ನು ನೋಡಿದ್ದರು. ಗಂಡು ಮುಖ್ಯಪಾತ್ರ ಇದ್ದವು ವರ್ಷಕ್ಕೆ ಸರಾಸರಿ ನೂರಕ್ಕೆ 57, ಹೆಣ್ಣು ಇದ್ದವು 31. ನನಗೆ ಮಜಾ ಅನ್ನಿಸಿದ್ದು ಪ್ರಾಣಿಗಳ ಲೆಕ್ಕ. ಗಂಡು ಪ್ರಾಣಿ ನಾಯಕನಾದವು ನೂರಕ್ಕೆ 23, ಹೆಣ್ಣು ಪ್ರಾಣಿಯದು 7.5. ಕಾಡಿನಲ್ಲೂ ಅದೇ ಕಥೆ.

ನಮ್ಮ ಪುಸ್ತಕಗಳ ಪ್ರಾಣಿಗಳನ್ನು ಒಮ್ಮೆ ಗಮನಿಸಿ. ಸಿಂಹ ರಾಜ, ಆನೆ ಮಂತ್ರಿ, ನರಿ ಮೋಸಗಾರ. ಗಂಡಾಗಲು ಅವಕ್ಕೆ ಏನೂ ಬೇಡ, ಸುಮ್ನೆ ಇದ್ದರೆ ಸಾಕು. ಮೊಲ ಹೆಣ್ಣಾಗಬೇಕಾದರೆ ಮಾತ್ರ ರಿಬ್ಬನ್ ಬೇಕು, ಉದ್ದ ರೆಪ್ಪೆ ಬೇಕು, ಹಣೆಗೆ ಕುಂಕುಮ ಬೇಕು. ಅಜ್ಜಿ ಬಾಯಿಂದ ಕೇಳಿದ ಕಥೆಗಳು ಹೀಗಿರಲಿಲ್ಲ. ಕಾಗಕ್ಕ-ಗುಬ್ಬಕ್ಕನ ಕಥೆಯಲ್ಲಿ ಇಬ್ಬರಿಗೂ ಸ್ವಂತ ಮನೆ ಇತ್ತು, ಜಿಪುಣತನ ಇತ್ತು, ಜಗಳ ಇತ್ತು. ಯಜಮಾನರು ಎಲ್ಲಿ ಹೋಗಿದ್ದರು ಎಂದು ಯಾರೂ ಕೇಳಲಿಲ್ಲ.

ಚಿತ್ರ ನೋಡಿದರೆ ಏನಾಗಿಬಿಡುತ್ತದೆ ಎನ್ನುವವರಿಗೆ ಇನ್ನೊಂದು ಹಳೇ ಅಧ್ಯಯನ ಇದೆ. ಡೇವಿಡ್ ಚೇಂಬರ್ಸ್ ಎಂಬವರು ಮಕ್ಕಳಿಗೆ ಹಾಳೆ ಕೊಟ್ಟು ಒಬ್ಬ ವಿಜ್ಞಾನಿಯ ಚಿತ್ರ ಬರೆಯಿರಿ ಅಂದರು. 1983ರಲ್ಲಿ ಫಲಿತಾಂಶ ಪ್ರಕಟಿಸಿದರು. 4,807 ಮಕ್ಕಳಲ್ಲಿ ಹೆಣ್ಣು ವಿಜ್ಞಾನಿಯನ್ನು ಬರೆದವರು 28 ಮಕ್ಕಳು. ಆ 28 ಮಂದಿಯೂ ಹುಡುಗಿಯರೇ. ಮುಂದೆ ಅಮೆರಿಕದಲ್ಲಿ ಇಂಥವೇ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2018ರಲ್ಲಿ ನೋಡಿದಾಗ, 1985ರ ನಂತರದ ಮಕ್ಕಳಲ್ಲಿ ಹೆಣ್ಣು ವಿಜ್ಞಾನಿಯನ್ನು ಬರೆದವರು ಸರಾಸರಿ ನೂರಕ್ಕೆ 28 ಆಗಿದ್ದರು. ಅಲ್ಲಿ ನಿಜವಾಗಿ ಹೆಣ್ಣು ವಿಜ್ಞಾನಿಗಳು ಹೆಚ್ಚಾದರು, ಅವರ ಚಿತ್ರಗಳೂ ಹೆಚ್ಚಾದವು. ಮಕ್ಕಳ ಪೆನ್ಸಿಲ್ಲೂ ಬದಲಾಯಿತು. ನಮ್ಮಲ್ಲಿ 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಮಂಗಳದ ಕಕ್ಷೆ ಸೇರಿದಾಗ ಇಸ್ರೋದ ಹೆಣ್ಣುಮಕ್ಕಳು ರೇಷ್ಮೆ ಸೀರೆಯುಟ್ಟು, ಹೂ ಮುಡಿದು ನಗುತ್ತಿದ್ದ ಫೋಟೋ ಎಲ್ಲ ಕಡೆ ಬಂತಲ್ಲ, ನೆನಪಿದೆಯಾ? ಅಣ್ಣನ ಅಂಗಡಿಯ ‘ವಿಜ್ಞಾನಿ’ ಇನ್ನೂ ಕೆದರಿದ ಬಿಳಿ ಕೂದಲಿನ ಮುದುಕಪ್ಪನೇ.

“ನಮ್ಮಲ್ಲಿ ಚೆನ್ನಮ್ಮ ಇಲ್ವೇನು?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೆಳಗಾವಿ ಕಡೆಯವರು ಖಂಡಿತ ಕೇಳುತ್ತಾರೆ. ಇದ್ದಾಳೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆ ಮುಂದೆ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದ ಕಥೆಯನ್ನು ಇಲ್ಲಿನ ಮಕ್ಕಳು ಉಸಿರು ಬಿಡದೆ ಹೇಳುತ್ತಾರೆ. ಹೆಣ್ಣುಮಕ್ಕಳ ಪಡೆ ಕಟ್ಟಿದ ಬೆಳವಡಿ ಮಲ್ಲಮ್ಮನೂ ಇದ್ದಾಳೆ. ಛದ್ಮವೇಷ ಸ್ಪರ್ಧೆಯಲ್ಲಿ ರಟ್ಟಿನ ಕತ್ತಿ ಹಿಡಿದ ಪುಟ್ಟ ಚೆನ್ನಮ್ಮಂದಿರ ಸಾಲೇ ಇರುತ್ತದೆ, ನೋಡಲು ಚೆಂದ. ಆದರೆ ಕುದುರೆ ಏರಿದ ರಾಣಿಯನ್ನು ಒಪ್ಪುವುದು ಸುಲಭ. ಅವಳು ಇನ್ನೂರು ವರ್ಷ ಹಿಂದಿನವಳು. ನಮ್ಮ ಮನೆಯ ಯಾವ ಪದ್ಧತಿಯನ್ನೂ ಬದಲಿಸು ಎಂದು ಕೇಳುವುದಿಲ್ಲ. ಟ್ರ್ಯಾಕ್ಟರ್ ಏರಿದ ಪಕ್ಕದ ಮನೆ ಹುಡುಗಿಯನ್ನು ಚಿತ್ರದಲ್ಲಿ ತರುವುದೇ ಕಷ್ಟ.

ಬಸವಣ್ಣನ ಬಾಲ್ಯದ ಕಥೆ ನೋಡಿ. ಬಾಗೇವಾಡಿಯ ಈ ಹುಡುಗ ಜನಿವಾರ ಬೇಡ ಅಂದ, ನನಗೇಕೆ, ಅಕ್ಕ ನಾಗಮ್ಮನಿಗೆ ಯಾಕಿಲ್ಲ ಎಂದು ಕೇಳಿದ ಎನ್ನುವುದು ನಮ್ಮ ಜನ ಹೇಳಿಕೊಂಡು ಬಂದ ಕಥೆ. ಕಥೆಯ ಜೀವ ಇರುವುದೇ ಅಕ್ಕನಲ್ಲಿ. ನಾನು ನೋಡಿದ ಮಕ್ಕಳ ಚಿತ್ರಗಳಲ್ಲಿ ಹುಡುಗ ಬಸವಣ್ಣ ಕೈ ಎತ್ತಿ ನಡುವೆ ನಿಂತಿರುತ್ತಾನೆ, ಸುತ್ತ ಸಿಟ್ಟಾದ ದೊಡ್ಡವರು. ನಾಗಮ್ಮ ಎಲ್ಲೋ ಕಂಬದ ಮರೆಯಲ್ಲಿ, ಇಲ್ಲವೇ ಪುಟದಲ್ಲೇ ಇಲ್ಲ.

ಆಟದ ಪುಟ ತೆಗೆದರೂ ಅಷ್ಟೇ. ಹುಡುಗರು ಕ್ರಿಕೆಟ್, ಹುಡುಗಿಯರು ಕುಂಟೆಬಿಲ್ಲೆ. ಆಯಿತು, ಕುಂಟೆಬಿಲ್ಲೆಯೂ ಒಳ್ಳೆಯ ಆಟವೇ. ಆದರೆ ವಿಜಯಪುರದ ಪುಸ್ತಕದಂಗಡಿಯಲ್ಲೂ ಬ್ಯಾಟು-ಬಾಲು ಹುಡುಗನ ಕೈಯಲ್ಲೇ ಇದ್ದರೆ ಹೇಗೆ? 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡ್ ಮೇಲೆ 15 ರನ್ನಿಗೆ 5 ವಿಕೆಟ್ ಕಿತ್ತ ರಾಜೇಶ್ವರಿ ಗಾಯಕವಾಡ ಅದೇ ಊರಿನ ಹುಡುಗಿ.

ಹುಡುಗರಿಗೂ ಇದರಿಂದ ನಷ್ಟವೇ. ನಮ್ಮ ಅರಿವು ಕೇಂದ್ರಕ್ಕೆ ಬರುವ ಹುಡುಗನೊಬ್ಬ ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬರುತ್ತಾನೆ. ಒಂದು ಕೈಯಲ್ಲಿ ಪುಟ ತಿರುವುತ್ತಾನೆ, ಇನ್ನೊಂದರಲ್ಲಿ ಅವಳ ಮೂಗು ಒರೆಸುತ್ತಾನೆ. ಕೂಸು ಎತ್ತಿಕೊಂಡ ಹುಡುಗನ ಒಂದು ಚಿತ್ರ ಅವನಿಗೆ ತೋರಿಸಬೇಕೆಂದು ಅಲ್ಲಿದ್ದ ಪುಸ್ತಕಗಳನ್ನೆಲ್ಲ ಹುಡುಕಿದೆ. ಸಿಗಲಿಲ್ಲ.

ಬದಲಾವಣೆ ಆಗುತ್ತಿಲ್ಲ ಎಂದಲ್ಲ. ಗಡಿಯಾಚೆ ಮಹಾರಾಷ್ಟ್ರದಲ್ಲಿ ಬಾಲಭಾರತಿ 2019ರಲ್ಲಿ ಎರಡನೇ ತರಗತಿಯ ಪುಸ್ತಕದ ಚಿತ್ರಗಳನ್ನು ಬದಲಿಸಿತು. ಅಪ್ಪ-ಅಮ್ಮ ಇಬ್ಬರೂ ಜೊತೆಗೆ ಕೂತು ಪಲ್ಯ ಸೋಸುತ್ತಾರೆ, ಡಾಕ್ಟರ್ ಹೆಂಗಸು, ಟ್ರಾಫಿಕ್ ಪೊಲೀಸ್ ಹೆಂಗಸು. 2024ರಲ್ಲಿ ಕೇರಳದ ಮೂರನೇ ತರಗತಿಯ ಪುಸ್ತಕದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ಕಾಯಿ ತುರಿದ. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಪುಕ್ಕಟೆ ಸಿಗುತ್ತವೆ, ಮೊಬೈಲಿನಲ್ಲೇ ಓದಿ ಹೇಳಬಹುದು. ನಾನು ಅದನ್ನೇ ಮಾಡುತ್ತೇನೆ.

ಕೇರಳದ ಆ ಚಿತ್ರ ನನಗೆ ಹಿಡಿಸಿದ್ದು ಕಾಯಿತುರಿಯಿಂದ. ಅದು ಅವರ ಮನೆಯದೇ ಸಾಮಾನು. ಬರೀ ಅದಲು-ಬದಲು ಮಾಡಿದರೆ ನನಗೆ ಸಮಾಧಾನ ಇಲ್ಲ. ಫಳಫಳ ಹೊಳೆಯುವ ಅಡುಗೆಮನೆಯಲ್ಲಿ ಏಪ್ರನ್ ಕಟ್ಟಿ ಕೇಕ್ ಮಾಡುವ ಅಪ್ಪ ಈಗ ಕೆಲವು ಪುಸ್ತಕಗಳಲ್ಲಿ ಬಂದಿದ್ದಾನೆ. ಅವನೂ ಸೋಫಾ ಅಪ್ಪನ ತಮ್ಮನೇ. ನಮ್ಮೂರಿಗೆ ಇಬ್ಬರೂ ಸಂಬಂಧಿಕರಲ್ಲ.

ಅದಕ್ಕೇ ಅರಿವು ಕೇಂದ್ರದಲ್ಲಿ ಮಕ್ಕಳಿಗೇ ಡ್ರಾಯಿಂಗ್ ಹಾಳೆ ಕೊಟ್ಟೆವು. ನಿಮ್ಮ ಮನೆಯಲ್ಲಿ ನಿನ್ನೆ ಯಾರ್ಯಾರು ಏನೇನು ಮಾಡಿದರು, ಅದನ್ನೇ ಬರೆಯಿರಿ ಅಂದೆವು. ಮೊದಲು ಒಂದಿಬ್ಬರು ಸೋಫಾ ಬರೆದರು. ಅವರ ಮನೆಯಲ್ಲಿ ಸೋಫಾ ಇಲ್ಲ. ‘ನಿನ್ನೆ’ ಎಂದು ಮತ್ತೆ ಒತ್ತಿ ಹೇಳಿದ ಮೇಲೆ ಕಂಡಕಿ ಸುತ್ತುವ ರಾಟಿ ಬಂತು, ಹತ್ತಿ ಅಂಡಿಗೆ ಬಂತು, ಎಮ್ಮೆ ಮೈ ತೊಳೆಯುವ ದೊಡ್ಡವ್ವ ಬಂದಳು, ಕುಡಿದು ಮಲಗಿದ ಕಾಕಾನೂ ಬಂದ. ಒಬ್ಬ ಹುಡುಗಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುವ ಅಪ್ಪನನ್ನು ಬರೆದಿದ್ದಳು. ಅವಳ ಅವ್ವ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಎಲ್ಲವನ್ನೂ ಗೋಡೆಗೆ ಅಂಟಿಸಿದೆವು.

ನಾಲ್ಕು ದಿನಕ್ಕೆ ಆ ಅಪ್ಪ ಬಂದ. ಸಿಟ್ಟಿರಲಿಲ್ಲ, ಸಂಕೋಚ ಇತ್ತು. “ಅಕ್ಕಾರ, ನಮ್ಮ ಹುಡುಗಿ ತಗದಿದ್ದು ಖರೇ ಐತ್ರಿ. ಆದ್ರ ಇಲ್ಲಿ ಊರ ಮಂದಿ ಬರ್ತಾರಲ್ರಿ. ಆ ಮೀಸಿ ಒಂದ್ ಅಳಿಸಿಬಿಡ್ರಿ, ಯಾರಂತ ಗೊತ್ತಾಗಂಗಿಲ್ಲ” ಅಂದ.

ನಾನು ಬಾಯಿ ತೆಗೆಯುವ ಮೊದಲೇ ಹುಡುಗಿ ಅಂದಳು. “ಮೀಸಿ ತಗದ್ರ ಅದು ಅವ್ವ ಆಗತೈತಿ, ಅಪ್ಪಾ.”

ಅವನು ಚಿತ್ರವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವಳ ಕೈಗೆ ಪೆನ್ಸಿಲ್ ಕೊಟ್ಟ. “ಹಂಗಾದ್ರ ರೊಟ್ಟಿನಾರ ಗುಂಡಗ ತಗಿ. ನಾ ಏನ್ ಇಷ್ಟ ಸೊಟ್ಟ ಬಡಿಯಂಗಿಲ್ಲ.”